ಒಂಟಿ ಹಳಿ, ಒಂದೇ ಗುಂಡು

ಹೋದ ವಾರ ಒಂದು ಬಗ್ ಹಿಡಿಯಲು ಎರಡು ರಾತ್ರಿ ನಿದ್ದೆಗೆಟ್ಟೆ. ಎರಡು ಪ್ರೋಗ್ರಾಮುಗಳು ಒಂದೇ ಫೈಲಿಗೆ ಒಟ್ಟಿಗೇ ಬರೆದು ಲೆಕ್ಕವೆಲ್ಲ ಕಲಸುಮೇಲೋಗರ. ನಾನು ಲಾಕ್ ಹಾಕಿದ್ದೆ ಸ್ವಾಮಿ! ಆದರೆ ಇನ್ನೊಂದು ಪ್ರೋಗ್ರಾಮು ಅದನ್ನು ನೋಡುತ್ತಲೇ ಇರಲಿಲ್ಲ. ಮನೆಯಲ್ಲಿ ಗೊಣಗಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ನಿಮ್ಮಲ್ಲಿ ಗುಂಡು ಇಲ್ವೇನೋ?"

ಯಾವ ಗುಂಡು ಅಂತೀರಾ? ರೈಲಿನದ್ದು. ಕೇಳಿ...

ಧಾತು-ಈಶ್ವರ ಸಂವತ್ಸರಗಳ ಬರದ (1876-78) ನಂತರ, 1882ರಲ್ಲಿ ಬೆಂಗಳೂರಿಂದ ಮೈಸೂರಿಗೆ ರೈಲು ಬಂತು. ಮೀಟರ್ ಗೇಜು, ಒಂಟಿ ಹಳಿ. ಇಂಥ ಹಳಿಯಲ್ಲಿ ಎರಡೂ ಕಡೆಯಿಂದ ಗಾಡಿ ಬಿಟ್ಟರೆ? 1874ರಲ್ಲಿ ಇಂಗ್ಲೆಂಡಿನ ಥಾರ್ಪ್‌ನಲ್ಲಿ ಆದದ್ದು ಅದೇ. ತಂತಿ ಸಂದೇಶದ ಗೊಂದಲದಿಂದ ಎರಡು ಗಾಡಿಗಳು ಮುಖಾಮುಖಿ ಡಿಕ್ಕಿ. ಆಮೇಲೆ 1878ರಲ್ಲಿ ಎಡ್ವರ್ಡ್ ಟೈಯರ್ ಒಂದು ಉಪಾಯ ಮಾಡಿದ. ಎರಡು ಸ್ಟೇಷನ್ನುಗಳಲ್ಲಿ ಎರಡು ಯಂತ್ರ, ನಡುವೆ ವಿದ್ಯುತ್ ತಂತಿ. ಒಂದರಿಂದ ಬಿಲ್ಲೆ ಹೊರಬಂದರೆ, ಅದು ವಾಪಸು ಯಂತ್ರದೊಳಗೆ ಬೀಳುವ ತನಕ ಎರಡೂ ಕಡೆ ಇನ್ನೊಂದು ಬಿಲ್ಲೆ ಹೊರಬರದು. ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಾದ ನೀಲ್ ಯಂತ್ರದಲ್ಲಿ ಬಿಲ್ಲೆಯ ಬದಲು ಲೋಹದ ಗುಂಡು. ಅದನ್ನು ಚರ್ಮದ ಚೀಲಕ್ಕೆ ಹಾಕಿ, ದೊಡ್ಡ ಬಳೆಗೆ ಕಟ್ಟಿ ಡ್ರೈವರಿಗೆ ಕೊಡುತ್ತಿದ್ದರು. ಓಡುವ ಗಾಡಿಯಿಂದ ಕೈಚಾಚಿ ಆ ಬಳೆ ಹಿಡಿಯುವುದನ್ನು ಅಪ್ಪ ಚಿಕ್ಕಂದಿನಲ್ಲಿ ಬಾಯಿಬಿಟ್ಟು ನೋಡುತ್ತಿದ್ದರಂತೆ.

ನಾವು ಮ್ಯೂಟೆಕ್ಸ್ ಅನ್ನುವುದು ಇದನ್ನೇ ಅಲ್ಲವೇ? 1960ರ ದಶಕದಲ್ಲಿ ನೆದರ್ಲೆಂಡಿನ ಡೈಕ್‌ಸ್ಟ್ರಾ ಕಂಪ್ಯೂಟರಿಗೆ ಇಂಥದೇ ಉಪಾಯ ಹೇಳಿದಾಗ ಅದಕ್ಕಿಟ್ಟ ಹೆಸರು ಸೆಮಫೋರ್. ಅಂದರೆ ರೈಲಿನ ಕೈಮರ!

ಆದರೆ ಒಂದು ವ್ಯತ್ಯಾಸವಿದೆ. ನಾನು ಎಡವಿದ್ದೂ ಅಲ್ಲೇ. ಯುನಿಕ್ಸ್‌ನಲ್ಲಿ ಫೈಲ್ ಲಾಕ್ ಸಾಮಾನ್ಯವಾಗಿ ಬರೀ ಸಲಹೆ. ಕೇಳದವನನ್ನು ಅದು ತಡೆಯುವುದಿಲ್ಲ. ರೈಲಿನವರು ಸಲಹೆಯನ್ನು ನಂಬಲಿಲ್ಲ. ಗುಂಡು ಹೊರಬರದಂತೆ ಯಂತ್ರವೇ ತಡೆಯಿತು, ಗುಂಡು ಕೈಯಲ್ಲಿಲ್ಲದೆ ಡ್ರೈವರ್ ಹೊರಡುವಂತಿರಲಿಲ್ಲ.

ಹಾಗಂತ ಗುಂಡು ಎಲ್ಲಕ್ಕೂ ಮದ್ದಲ್ಲ. ಅಕ್ಕಪಕ್ಕದ ಎರಡು ಸ್ಟೇಷನ್ನುಗಳ ಎಲ್ಲ ಹಳಿಗಳಲ್ಲೂ ಎದುರುಬದುರು ಹೋಗಬೇಕಾದ ಗಾಡಿಗಳು ತುಂಬಿಕೊಂಡರೆ ಯಾರೂ ಕದಲುವಂತಿಲ್ಲ. ನಮ್ಮ ಭಾಷೆಯಲ್ಲಿ ಡೆಡ್‌ಲಾಕ್. ಅದಕ್ಕೇ ಯಾವ ಗಾಡಿ ಎಲ್ಲಿ ಕಾಯಬೇಕು ಅಂತ ಮೊದಲೇ ಯೋಚಿಸುವ ಕಂಟ್ರೋಲರ್ ಬೇಕು.

2017ರಲ್ಲಿ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಶಸ್ತ್ರಾಗಾರವನ್ನು ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿ ಎರಡನೇ ಹಳಿಗೆ ದಾರಿ ಮಾಡಿದರು. ಈಗ ಬೆಂಗಳೂರಿಗೆ ಹೋಗುವ ಗಾಡಿ ಎದುರಿನ ಗಾಡಿಗಾಗಿ ಕಾಯಬೇಕಿಲ್ಲ. ನನ್ನ ಫೈಲಿಗೆ ಮಾತ್ರ ಎರಡನೇ ಹಳಿ ಇಲ್ಲ. ನಿನ್ನೆ ಕೂತು, ಆ ಫೈಲಿಗೆ ಬರೆಯುವ ದಾರಿ ಒಂದೇ ಇರುವಂತೆ ಕೋಡ್ ತಿದ್ದಿದೆ. ಲಾಕ್ ಹಿಡಿಯದೆ ಈಗ ಯಾರೂ ಒಳಗೆ ಹೋಗುವಂತಿಲ್ಲ. ಆ ಫಂಕ್ಷನ್ನಿಗೆ ಇಟ್ಟ ಹೆಸರು... ಗುಂಡು!

ನಿಮ್ಮ ಮನೆಯ ಹಿರಿಯರೂ ಆ ಬಳೆ ಹಿಡಿಯುವುದನ್ನು ನೋಡಿದ್ದರೆ ಕೇಳಿ ಬರೆಯಿರಿ.