ಮಿಡತೆ ಮುಟ್ಟದ ಮರ

1959ರಲ್ಲಿ ಸುಡಾನ್ ದೇಶದ ಮೇಲೆ ಮಿಡತೆಗಳ ದಂಡು ಎರಗಿತು. ಸುತ್ತಲಿನ ಗಿಡಮರಗಳೆಲ್ಲ ಬೋಳಾದರೂ, ಭಾರತದ ಕಡೆಯಿಂದ ಹೋಗಿ ಅಲ್ಲಿ ಬೇರುಬಿಟ್ಟಿದ್ದ ಬೇವು ಮಾತ್ರ ಹಸಿರಾಗಿಯೇ ನಿಂತಿತ್ತು. ಇದನ್ನು ಕಂಡ ಜರ್ಮನಿಯ ಕೀಟವಿಜ್ಞಾನಿ ಶ್ಮುಟ್ಟರರ್ ಅವರು ಮುಂದೆ ದಶಕಗಳ ಕಾಲ ಬೇವಿನ ಅಧ್ಯಯನದಲ್ಲಿ ತೊಡಗಿದರು. 1962ರಲ್ಲಿ ದೆಹಲಿಯ ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ತಿರುಳನ್ನು ಅರೆದು, ನೀರಿನಲ್ಲಿ ಕದಡಿ ಸಿಂಪಡಿಸಿ, ಮಿಡತೆಗಳಿಂದ ಪೈರನ್ನು ಉಳಿಸಿ ತೋರಿಸಿದರು. ಈ ಹೆಸರು ನಮ್ಮಲ್ಲಿ ಇನ್ನಷ್ಟು ಪ್ರಚಾರ ಪಡೆಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

1968ರಲ್ಲಿ ಇಂಗ್ಲೆಂಡಿನ ಬಟರ್‌ವರ್ತ್ ಮತ್ತು ಮಾರ್ಗನ್ ಬೀಜದಿಂದ ಅಜಾಡಿರಾಕ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಕೀಟವನ್ನು ಒಡನೆಯೇ ಕೊಲ್ಲುವ ವಿಷವಲ್ಲ. ಅದರ ರುಚಿ ಕಂಡ ಮಿಡತೆ ಮೇಯುವುದನ್ನೇ ನಿಲ್ಲಿಸುತ್ತದೆ. ತಿಂದ ಮರಿಹುಳುವೋ ಪೊರೆ ಕಳಚಲಾರದೆ ಬೆಳವಣಿಗೆ ನಿಂತು ಸಾಯುತ್ತದೆ. ಬಿಸಿಲಿಗೆ ಬೇಗ ಕೆಡುವುದರಿಂದ ರೈತರು ಇದನ್ನು ಸಂಜೆ ಸಿಂಪಡಿಸುವುದುಂಟು. ಧಾನ್ಯದ ನಡುವೆ ಬೇವಿನೆಲೆ ಹಾಕಿಡುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಹೆಸರುಗಳೊಂದೂ ಬೇಕಾಗಿರಲಿಲ್ಲ!

ಈ ಅಣುವಿನ ರಚನೆ ಖಚಿತವಾಗಲು 1980ರ ದಶಕದ ಮಧ್ಯಭಾಗದವರೆಗೆ ಕಾಯಬೇಕಾಯಿತು. ಕೇಂಬ್ರಿಜ್‌ನ ಸ್ಟೀವನ್ ಲೇ ತಂಡವು 22 ವರ್ಷ ಶ್ರಮಿಸಿ, 2007ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಕಟ್ಟಿತು. ಆದರೂ ಅಂಗಡಿಯಲ್ಲಿ ದೊರೆಯುವ ಬೇವಿನ ಕೀಟನಾಶಕ ಇಂದಿಗೂ ಮರದ ಕೆಳಗೆ ಆಯ್ದ ಬೀಜದಿಂದಲೇ ತಯಾರಾಗುತ್ತದೆ.