ಮನೆಗೆ ಐದು ಓಟು

ಚೋರನೂರಿನಂಥ ಊರುಗಳಲ್ಲಿ ಎಲೆಕ್ಷನ್ ಬಂದರೆ ಪಾರ್ಟಿ ಹುಡುಗರು ಓಟು ಎಣಿಸೋದು ಆಳಿನ ಲೆಕ್ಕದಲ್ಲಲ್ಲ, ಮನೆ ಲೆಕ್ಕದಲ್ಲಿ. "ಅವರ ಮನ್ಯಾಗ ಐದು ಓಟದಾವ, ಎಲ್ಲಾ ನಮ್ಮವೇ." ಯಜಮಾನನ ಹತ್ತಿರ ಮಾತಾಡಿದರೆ ಮುಗೀತು. ಒಳಗೆ ರೊಟ್ಟಿ ಬಡೀತಿರೋ ಹೆಂಗಸಿಗೆ ಬೇರೆ ಅಭಿಪ್ರಾಯ ಇದ್ದೀತು ಅಂತ ಯಾರಿಗೂ ಅನಿಸಲ್ಲ. ಈ ಲೆಕ್ಕ ಅವರೇ ಹುಟ್ಟಿಸಿದ್ದೇನಲ್ಲ, ಹಿಂದೆ ಕಾನೂನೂ ಹೀಗೇ ಎಣಿಸುತ್ತಿತ್ತು.

ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹೆಂಗಸರಿಗೆ ಮತದ ಹಕ್ಕು ಕೊಡೋಕೆ 1921ರಲ್ಲಿ ಒಪ್ಪಿದ ಮದ್ರಾಸು, ಬ್ರಿಟಿಷ್ ಪ್ರಾಂತ್ಯಗಳಲ್ಲೇ ಮೊದಲನೆಯದು. ಆದರೆ ಮತ ಇದ್ದದ್ದು ಆಸ್ತಿವಂತರಿಗೆ. ಹೊಲದ ಪಟ್ಟಾ ಎಷ್ಟು ಹೆಂಗಸರ ಹೆಸರಲ್ಲಿತ್ತು ಹೇಳಿ? 1935ರ ಕಾಯ್ದೆ ಇದಕ್ಕೊಂದು ದಾರಿ ಮಾಡಿತು: ಗಂಡನಿಗೆ ಸಾಕಷ್ಟು ಆಸ್ತಿ ಇದ್ದರೆ ಹೆಂಡತಿಗೂ ಓಟು. ಅಂದರೆ ಹಕ್ಕು ಅವಳದು, ಅರ್ಹತೆ ಗಂಡನದು.

ಪಕ್ಕದ ಸಂಡೂರು ಘೋರ್ಪಡೆ ಅರಸರ ಪುಟ್ಟ ಸಂಸ್ಥಾನ, ಅದು 1949ರಲ್ಲಿ ಮದ್ರಾಸಿಗೆ ಸೇರಿತು. ಹಾಗಾಗಿ ಈ ಸೀಮೆಯ ಸಾಮಾನ್ಯ ಹೆಂಗಸರು 1952ರಲ್ಲಿ ಮೊದಲ ಸಲ ಓಟು ಹಾಕಿದ್ದು ದೂರದ ಮದ್ರಾಸ್ ವಿಧಾನಸಭೆಗೆ. ಮೈಸೂರಿಗೆ ಬಂದದ್ದು ಮರುವರ್ಷ. ಅದೇ ಚುನಾವಣೆಯಲ್ಲಿ, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಸುಮಾರು 28 ಲಕ್ಷ ಹೆಂಗಸರು ತಮ್ಮ ಹೆಸರು ಹೇಳದೆ 'ಇಂಥವನ ಹೆಂಡತಿ', 'ಇಂಥವನ ತಾಯಿ' ಅಂತ ಬರೆಸಿದ್ದರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರನ್ನೆಲ್ಲ ಪಟ್ಟಿಯಿಂದ ಕೈಬಿಡಿಸಿದರು. (ನಮ್ಮ ಕಡೆ ಗಂಡನ ಹೆಸರು ಹೇಳೋಕೆ ಒಡಪು ಬೇಕು. ಅಲ್ಲಿ ಸ್ವಂತ ಹೆಸರೇ ಹೊರಬರಲಿಲ್ಲ.)

ಸರಿ, ಹೆಂಗಸರು ನಿಜಕ್ಕೂ ಬೇರೆ ಥರ ಓಟು ಹಾಕ್ತಾರಾ? ಯುರೋಪಿನ ಅಂಕಿಅಂಶ ನೋಡಿದ ದ್ಯುವೆರ್ಜೆ ಎಂಬ ಫ್ರೆಂಚ್ ವಿದ್ವಾಂಸ 1955ರಲ್ಲಿ, ವ್ಯತ್ಯಾಸ ಸಣ್ಣದು, ಇದ್ದಷ್ಟೂ ಸಂಪ್ರದಾಯವಾದಿ ಪಕ್ಷಗಳ ಕಡೆ ಎಂದ. ಅಮೆರಿಕದಲ್ಲಿ 1980ರಿಂದೀಚೆಗೆ ಉಲ್ಟಾ. 2024ರಲ್ಲಿ ಅಲ್ಲಿನ ಲ್ಯಾಟಿನೋ ಗಂಡಸರಲ್ಲಿ ಹೆಚ್ಚಿನವರು ಟ್ರಂಪ್ ಕಡೆ, ಹೆಂಗಸರಲ್ಲಿ ಹೆಚ್ಚಿನವರು ಹ್ಯಾರಿಸ್ ಕಡೆ ಅಂತ ಎಕ್ಸಿಟ್ ಪೋಲ್ ಹೇಳಿತು. ಒಂದೇ ಮನೆ, ಒಂದೇ ಊಟದ ಟೇಬಲ್ಲು!

ನಮ್ಮ ಬೂತಲ್ಲಿ ಒಳಗೆ ಹೋಗುವಾಗ ಹೆಣ್ಣೆಷ್ಟು ಗಂಡೆಷ್ಟು ಅಂತ ಎಣಿಸ್ತಾರೆ. ದೇಶದಲ್ಲಿ 1962ರ ಲೋಕಸಭೆ ಚುನಾವಣೆಯಲ್ಲಿ ಹೆಂಗಸರ ಮತದಾನ ಗಂಡಸರಿಗಿಂತ ಸುಮಾರು 16 ಪರ್ಸೆಂಟ್ ಹಿಂದಿತ್ತು, 2019ರಲ್ಲಿ ಕೂದಲೆಳೆಯಷ್ಟು ಮುಂದೆ ಹೋಯಿತು. ಅದು ಗೊತ್ತು. ಆದರೆ ಬಿದ್ದ ಓಟು ಯಾರದು ಅಂತ ಮೆಷಿನ್ನಿಗೆ ಗೊತ್ತಿಲ್ಲ. ಗೊತ್ತಾಗದಿರೋದೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಎಷ್ಟೋ ಹೆಂಗಸರಿಗೆ ಮನೆಯವರು ಇಣುಕದ ಜಾಗ ಅಂತ ಇರೋದು ಆ ರಟ್ಟಿನ ಮರೆ ಒಂದೇ.

ಹೀಗಾಗಿ ಪಕ್ಷಗಳು ಊಹೆ ಮೇಲೆ ನಡೀತಾವೆ. 1999ರ ಬಳ್ಳಾರಿ ನೆನಪಿದೆಯಾ? ಸುಷ್ಮಾ ಸ್ವರಾಜ್ ಸ್ವದೇಶಿ ಮಗಳು, ಸೋನಿಯಾ ವಿದೇಶಿ ಸೊಸೆ. ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದರು, ಸೋತ ಮೇಲೂ ವರಮಹಾಲಕ್ಷ್ಮಿ ಹಬ್ಬಕ್ಕೆ ವರ್ಷ ವರ್ಷ ಬಂದರು. ಗೆದ್ದದ್ದು ಸೊಸೆ, 56 ಸಾವಿರ ಓಟಿನಿಂದ. ಇಬ್ಬರೂ ಹೆಂಗಸರೇ ಆದರೂ ಮಾತೆಲ್ಲ ಮಗಳು, ಸೊಸೆ, ಅರಿಶಿನ-ಕುಂಕುಮದ್ದು. ಕೊಡ ಹೊತ್ತು ನೀರು ತರೋಳ ಕಷ್ಟ ಅದರೊಳಗೆ ಎಲ್ಲೋ ಕಳೆದುಹೋಯಿತು.

ಗಡಿಯಾಚೆ ಆಂಧ್ರದಲ್ಲಿ ಅಷ್ಟರಲ್ಲಾಗಲೇ ಬೇರೆ ಪಾಠ ಆಗಿತ್ತು. 1992ರಲ್ಲಿ ನೆಲ್ಲೂರು ಜಿಲ್ಲೆಯ ಹಳ್ಳಿ ಹೆಂಗಸರು ಸಾರಾಯಿ ವಿರುದ್ಧ ಎದ್ದರು. 1994ರಲ್ಲಿ ಎನ್‌ಟಿಆರ್ ಪಾನನಿಷೇಧದ ಮಾತು ಕೊಟ್ಟು ಗೆದ್ದರು. ಕುಡಿಯೋನು ಮತ್ತು ಅವನ ಹೆಂಡತಿ ಇಬ್ಬರದೂ ಒಂದೇ ಓಟು ಅಂತ ಹೇಳೋ ಧೈರ್ಯ ಆಮೇಲೆ ಯಾರಿಗಿತ್ತು? ಕರ್ನಾಟಕದಲ್ಲೂ 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು. 2023ಕ್ಕೆ ಫ್ರೀ ಬಸ್ಸು ಬಂತು, ಗೃಹಲಕ್ಷ್ಮಿಯ 2,000 ರೂಪಾಯಿ ಬಂತು. ಆ ದುಡ್ಡು ಹೋಗೋದು 'ಮನೆ ಯಜಮಾನಿ'ಯ ಖಾತೆಗೆ, ಯಜಮಾನನದಕ್ಕಲ್ಲ.

2024ರಲ್ಲಿ ಸಂಡೂರಿನ ಶಾಸಕ ಇ. ತುಕಾರಾಂ ಸಂಸದರಾದರು. ನವೆಂಬರ್‌ನ ಉಪಚುನಾವಣೆಗೆ ಕಾಂಗ್ರೆಸ್ ಟಿಕೆಟ್ ಸಿಕ್ಕಿದ್ದು ಅವರ ಹೆಂಡತಿ ಅನ್ನಪೂರ್ಣ ಅವರಿಗೆ. 1935ರ ಕಾಯ್ದೆ ಥಟ್ಟನೆ ನೆನಪಾಯಿತು, ಸುಳ್ಳಾಡಲ್ಲ. ಅನ್ನಪೂರ್ಣ ಒಂಬತ್ತು ಸಾವಿರಕ್ಕೂ ಹೆಚ್ಚು ಓಟಿನಿಂದ ಗೆದ್ದರು. ಅದರಲ್ಲಿ ಗಂಡನನ್ನು ನೋಡಿ ಬಿದ್ದವೆಷ್ಟು, ಎರಡು ಸಾವಿರ ನೋಡಿ ಬಿದ್ದವೆಷ್ಟು, ಮನೆಯಲ್ಲಿ "ಹೂಂ" ಅಂದು ಬಂದು ಬೇರೆ ಗುಂಡಿ ಒತ್ತಿದವೆಷ್ಟು, ಎಲ್ಲಾ ಆ ರಟ್ಟಿನ ಹಿಂದೆಯೇ ಉಳಿದವು.