ಮಾತಾಡದ ಮಾಸ್ತರು

ಹೋದ ತಿಂಗಳು ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟ್ ಬಂತು. ಹನ್ನೆರಡು ಪುಟದ ಪಿಡಿಎಫ್. ಕ್ಯಾಬು ಮಾರತ್ತಹಳ್ಳಿ ಸೇತುವೆ ಹತ್ತಿರ ನಿಂತಲ್ಲೇ ನಿಂತಿತ್ತು, ಹಾಗಾಗಿ ಪೂರ್ತಿ ಓದಿದೆ. ಲಿವರಿಗೆ ಒಂದು ಪುಟ, ಕಿಡ್ನಿಗೆ ಒಂದು ಪುಟ, ಥೈರಾಯ್ಡಿಗೆ ಅರ್ಧ ಪುಟ. ಮೂವತ್ತಾರು ವರ್ಷದಿಂದ ಹೊತ್ತು ತಿರುಗುತ್ತಿರುವ ಈ ದೇಹದ ಒಳಗಿನ ವಿಚಾರ ನನಗೆ ಗೊತ್ತಿದ್ದದ್ದು ಅಷ್ಟೇ. ಯಾವ ಸಂಖ್ಯೆ ಕೆಂಪು, ಯಾವುದು ಕಪ್ಪು.

ಅಷ್ಟರಲ್ಲಿ ಊರಿಂದ ಅಪ್ಪನ ಫೋನ್. ನಮ್ಮದು ಬೈಲಹೊಂಗಲ ತಾಲ್ಲೂಕಿನ ಸಣ್ಣ ಹಳ್ಳಿ.

"ತಮ್ಮಾ, ನಾ ಸತ್ತ ಮ್ಯಾಲ ನನ್ನ ಮಣ್ಣು ಮಾಡಬ್ಯಾಡ್ರಿ. ಬೆಳಗಾವಿ ಕಾಲೇಜಿಗೆ ಕೊಟ್ಟಬಿಡ್ರಿ. ಫಾರ್ಮ್ ತರಿಸೇನಿ. ನಿನ್ನ ಸಹಿ ಬೇಕು."

"ಅಪ್ಪಾ, ಸಿಗ್ನಲ್ ಬರವಲ್ದು, ಆಮ್ಯಾಲ ಮಾಡ್ತೇನಿ" ಅಂತ ಇಟ್ಟುಬಿಟ್ಟೆ. ಸಿಗ್ನಲ್ ಚೆನ್ನಾಗೇ ಇತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಕಾಲೇಜಿನವರಿಗೆ ಹೆಣ ಯಾಕೆ ಬೇಕು, ಇಷ್ಟು ವರ್ಷ ಎಲ್ಲಿಂದ ತರುತ್ತಿದ್ದರು ಅಂತ ಓದುತ್ತಾ ಕೂತೆ.

ನಮ್ಮಲ್ಲಿ ಈ ಪಾಠ ಬಹಳ ಹಳೆಯದು. ಸುಶ್ರುತ ಸಂಹಿತೆಯ ಶಾರೀರ ಸ್ಥಾನದಲ್ಲಿ ವಿಧಾನವೇ ಇದೆ. ಹೆಣಕ್ಕೆ ಹುಲ್ಲು ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಬಿಡಬೇಕು. ಆಮೇಲೆ ಕುಂಚದಿಂದ ಮೆಲ್ಲಗೆ ಉಜ್ಜುತ್ತಾ ಚರ್ಮದಿಂದ ಶುರುಮಾಡಿ ಪದರ ಪದರವಾಗಿ ಕಣ್ಣಾರೆ ನೋಡಬೇಕು. ಓದಿದ್ದು, ನೋಡಿದ್ದು ಎರಡೂ ಸೇರಿದರೇ ಜ್ಞಾನ ಎಂಬುದು ಅಲ್ಲಿನ ವಾದ. ಮುಂದೆ ಹೆಣ ಮುಟ್ಟಿದರೆ ಮೈಲಿಗೆ ಎಂಬ ನಂಬಿಕೆ ಬಲವಾಯಿತು, ನೋಡುವುದು ಹಿಂದೆ ಬಿತ್ತು, ಓದುವುದು ಮಾತ್ರ ಉಳಿಯಿತು.

ಯುರೋಪಿನ ಕಥೆಯೂ ಹೆಚ್ಚು ಬೇರೆಯಲ್ಲ. ಎರಡನೇ ಶತಮಾನದ ಗೇಲನ್ ಮಂಗ, ಹಂದಿಗಳನ್ನು ಕೊಯ್ದು ನೋಡಿ ಮನುಷ್ಯನ ಬಗ್ಗೆ ಬರೆದ. ಕೆಳದವಡೆಯಲ್ಲಿ ಎರಡು ಮೂಳೆ ಇವೆ ಅಂದ. ಸಾವಿರಕ್ಕೂ ಹೆಚ್ಚು ವರ್ಷ ಎಲ್ಲರೂ ಅದನ್ನೇ ಒಪ್ಪಿಕೊಂಡರು. 1543ರಲ್ಲಿ, ಇಪ್ಪತ್ತೆಂಟರ ಹರೆಯದ ವೆಸಾಲಿಯಸ್ ತಾನೇ ಕೊಯ್ದು ನೋಡಿ, ಅದು ಒಂದೇ ಮೂಳೆ ಅಂತ ಪುಸ್ತಕ ಪ್ರಕಟಿಸಿದ. ಹಳೇ ಡಾಕ್ಯುಮೆಂಟನ್ನು ನಂಬಿ ಕೋಡ್ ತೆರೆದೇ ನೋಡದ ನಮ್ಮಂಥವರಿಗೆ ಈ ತಪ್ಪು ಚೆನ್ನಾಗಿ ಅರ್ಥವಾಗುತ್ತೆ.

1628ರಲ್ಲಿ ವಿಲಿಯಂ ಹಾರ್ವೆ ಒಂದು ಲೆಕ್ಕ ಹಾಕಿದ. ಹೃದಯ ಒಂದು ಸಲಕ್ಕೆ ಇಷ್ಟು ರಕ್ತ ತಳ್ಳಿದರೆ ಅರ್ಧ ಗಂಟೆಗೆ ಎಷ್ಟಾಯಿತು? ಇಡೀ ದೇಹದಲ್ಲಿ ಇರುವುದಕ್ಕಿಂತ ಜಾಸ್ತಿ. ಅಷ್ಟು ರಕ್ತ ಹೊಸದಾಗಿ ಹುಟ್ಟೋಕೆ ಸಾಧ್ಯವಿಲ್ಲ, ಅಂದರೆ ಅದೇ ರಕ್ತ ಸುತ್ತಿ ಸುತ್ತಿ ಬರುತ್ತಿದೆ. ಈಗಿನ ಲೆಕ್ಕದಲ್ಲಿ ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಸುಮ್ಮನೆ ಕೂತಾಗಲೂ ಹೃದಯ ಒಂದು ನಿಮಿಷಕ್ಕೆ ಹೆಚ್ಚುಕಡಿಮೆ ಅಷ್ಟನ್ನೂ ಒಂದು ಸುತ್ತು ತಳ್ಳುತ್ತದೆ.

ಆದರೆ ಕೊಯ್ದು ನೋಡಿದ ಆ ದೇಹಗಳು ಯಾರವು? ಬ್ರಿಟನ್ನಿನಲ್ಲಿ ಗಲ್ಲಿಗೇರಿದ ಕೊಲೆಗಾರರ ಹೆಣ ಮಾತ್ರ ಕಾನೂನುಬದ್ಧವಾಗಿ ಸಿಗುತ್ತಿತ್ತು. ಸಾಲದಾದಾಗ ಗೋರಿ ಅಗೆದು ಕದಿಯುವವರು ಹುಟ್ಟಿಕೊಂಡರು. 1828ರಲ್ಲಿ ಎಡಿನ್‌ಬರೋದ ಬರ್ಕ್ ಮತ್ತು ಹೇರ್ ಅಗೆಯುವ ಕಷ್ಟವೂ ಬೇಡ ಅಂತ 16 ಜನರನ್ನು ಕೊಂದು ಹೆಣಗಳನ್ನು ಒಬ್ಬ ಅಂಗರಚನಾ ಶಿಕ್ಷಕನಿಗೆ ಮಾರಿದ್ದು ಬಯಲಾಯಿತು. ಬರ್ಕ್‌ನನ್ನು ಗಲ್ಲಿಗೇರಿಸಿ ಅವನ ಹೆಣವನ್ನೂ ಕೊಯ್ದರು. 1832ರಲ್ಲಿ ಹೊಸ ಕಾನೂನು ಬಂತು: ಯಾರೂ ಕೇಳಿಕೊಂಡು ಬರದ ಹೆಣಗಳನ್ನು ವೈದ್ಯಶಾಲೆಗಳಿಗೆ ಕೊಡಬಹುದು.

ನಮ್ಮ ದೇಶದಲ್ಲಿ 1836ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ, ಆಯುರ್ವೇದ ಓದಿದ ಪಂಡಿತ ಮಧುಸೂದನ ಗುಪ್ತ ಮೈಲಿಗೆಯ ಮಾತನ್ನು ಮೀರಿ ಹೆಣಕ್ಕೆ ಕತ್ತಿ ಹಾಕಿದರು. ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. 1957ರಲ್ಲಿ ನಮ್ಮ ರಾಜ್ಯಕ್ಕೂ ಅಂಗರಚನಾಶಾಸ್ತ್ರದ ಕಾಯ್ದೆ ಬಂತು. ಅದರ ತಿರುಳೂ ಅದೇ, ವಾರಸುದಾರರಿಲ್ಲದ ಹೆಣ.

ಇಲ್ಲಿ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಬಸ್‌ಸ್ಟ್ಯಾಂಡಲ್ಲಿ, ಆಸ್ಪತ್ರೆಯ ಜನರಲ್ ವಾರ್ಡಲ್ಲಿ ಒಂಟಿಯಾಗಿ ಸತ್ತವರು. ಊರು ಬಿಟ್ಟು ಕೂಲಿಗೆ ಬಂದವರು. ನನ್ನ ಕೆಮ್ಮಿಗೆ ಔಷಧಿ ಬರೆಯುವ ಡಾಕ್ಟರು ಶ್ವಾಸಕೋಶ ಅಂದರೇನು ಅಂತ ಮೊದಲು ಕಲಿತದ್ದು ಬಹುಶಃ ಅಂಥವರೊಬ್ಬರ ಎದೆಯಲ್ಲಿ. ಅವರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ.

ಅಪ್ಪನ ತಲೆಗೆ ಈ ವಿಚಾರ ಎಲ್ಲಿಂದ ಬಂತು ಅಂತ ಆಗ ನೆನಪಾಯಿತು. ಬೈಲಹೊಂಗಲದಲ್ಲಿ ಡಾ. ಬಸವಣ್ಣೆಪ್ಪ ರಾಮಣ್ಣವರ ಅಂತ ವೈದ್ಯರಿದ್ದರು. ತಮ್ಮ ದೇಹವನ್ನು ದಾನ ಮಾಡಬೇಕು, ಅದನ್ನು ತಮ್ಮ ಮಗನೇ ಕೊಯ್ದು ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕು ಅಂತ ಬರೆದಿಟ್ಟಿದ್ದರು. 2008ರ ನವೆಂಬರಿನಲ್ಲಿ ತೀರಿಕೊಂಡರು. ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರು. ಎರಡು ವರ್ಷ ದೇಹವನ್ನು ಕೆಡದಂತೆ ಇಟ್ಟು, 2010ರ ನವೆಂಬರಿನಲ್ಲಿ, ತಂದೆಯ ಪುಣ್ಯತಿಥಿಯಂದೇ, ವಿದ್ಯಾರ್ಥಿಗಳ ಎದುರು ಅವರ ದೇಹಕ್ಕೆ ಕತ್ತಿ ಇಟ್ಟರು. ಆಗ ನಮ್ಮ ಕಡೆ ಎಲ್ಲಾ ಚಾದಂಗಡಿಗಳಲ್ಲೂ ಅದೇ ಮಾತು. ಅಪ್ಪ ಪೇಪರ್ ಓದಿ ಸುಮ್ಮನೆ ಮಡಚಿಟ್ಟಿದ್ದರು.

ದೇಹ ಕೆಡದಂತೆ ಇಡೋದು ಹೇಗೆ ಗೊತ್ತಾ? ಒಂದು ರಕ್ತನಾಳದಲ್ಲಿ ಫಾರ್ಮಲಿನ್ ದ್ರಾವಣ ತುಂಬುತ್ತಾರೆ. ಬದುಕಿದ್ದಾಗ ರಕ್ತ ಹರಿದ ದಾರಿಯಲ್ಲೇ ಅದು ಬೆರಳ ತುದಿವರೆಗೂ ಹೋಗುತ್ತದೆ. ಹೃದಯ ನಿಂತಿರುತ್ತದೆ, ಹಾರ್ವೆಯ ದಾರಿ ಹಾಗೇ ಇರುತ್ತದೆ.

ಮರುದಿನ ನಾನೇ ಫೋನ್ ಮಾಡಿದೆ. ಅವ್ವ ಎತ್ತಿದಳು.

"ನಿಮ್ಮಪ್ಪಗ ಹುಚ್ಚ ಹಿಡದೈತಿ. ಮಣ್ಣು ಮಾಡಲಿಲ್ಲಂದ್ರ ದೀಪ ಎಲ್ಲಿ ಹಚ್ಚೂದು? ಅಮಾಸಿಗೆ ಎಲ್ಲಿಗೆ ಹೋಗೂದು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟೆಲ್ಲ ಓದಿದ್ದರಲ್ಲಿ ಎಲ್ಲೂ ಇರಲಿಲ್ಲ. ಹಿಂದಿನಿಂದ ಅಪ್ಪ ಕೂಗಿದರು: "ಸಾಲಿ ಮಾಸ್ತರಕಿ ಮಾಡಬೇಕಂತ ಆಸೆ ಇತ್ತು, ಓದ್ಲಿಕ್ಕೆ ಆಗಲಿಲ್ಲ. ಈಗರ ಮಾಡ್ತೇನಿ ಬಿಡ!"

ನೀವೂ ಇಂಥ ಫಾರ್ಮ್ ತುಂಬುವ ಯೋಚನೆಯಲ್ಲಿದ್ದರೆ ಒಂದು ಮಾತು. ಸಹಿ ನಿಮ್ಮದಾದರೂ ಆ ದಿನ ಕಾಲೇಜಿಗೆ ಫೋನ್ ಮಾಡಬೇಕಾದವರು ಮನೆಯವರು. ಅಳುತ್ತಾ ಮಾಡಬೇಕು, ತಡಮಾಡದೆ ಮಾಡಬೇಕು. ಹಾಗಾಗಿ ಮೊದಲು ಮನೆಯಲ್ಲಿ ಮಾತಾಡಿ.

ಹಬ್ಬಕ್ಕೆ ಊರಿಗೆ ಹೋದಾಗ ನಾನು ಸಹಿ ಹಾಕಿದೆ. ಅವ್ವ ಇನ್ನೂ ಹಾಕಿಲ್ಲ. ಫಾರ್ಮ್ ದೇವರ ಜಗುಲಿ ಮೇಲೆ, ವಿಭೂತಿ ಗಟ್ಟಿಯ ಕೆಳಗೆ ಇದೆ.